ಮರಗುಲಾಬಿಯ ಜೊತೆ ನನಗೂ ಆದ ವರ್ಗಾವಣೆ

ಗುಲಾಬಿ ಗಿಡಕ್ಕೆ ಗೊಬ್ಬರ ಹಾಕುವುದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ. ಅಂಗಡಿಯವನೇ ಹೇಳುತ್ತಾನೆ, ಗೊಬ್ಬರ ಅವನ ಹತ್ತಿರವೇ ಇರುತ್ತದಲ್ಲ. ಗೊಬ್ಬರ ತಿಂದು ಬೆಳೆದು, ಮುಷ್ಟಿಗಾತ್ರದ ಹೂ ಬಿಟ್ಟು, ತಲೆ ಭಾರವಾಗಿ ಗಿಡ ಓಲಾಡತೊಡಗಿದಾಗ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ. ನಾನು ಸರ್ಕಾರಿ ಮಾಲಿಯಾಗಿ ಕಲ್ಯಾಣದುರ್ಗದಲ್ಲಿ ಸೇರಿ ಹಿಂದೂಪುರದಲ್ಲಿ ನಿವೃತ್ತಳಾದೆ. ನಡುವೆ ನಾನು ಮಾಡಿದ ಮುಖ್ಯ ಕೆಲಸ ಅದೊಂದೇ. ತಲೆ ಭಾರವಾದ ಗಿಡವನ್ನು ಬೀಳದ ಹಾಗೆ ನಿಲ್ಲಿಸುವುದು, ನಾವು ನಿಲ್ಲಿಸಿದ್ದೇವೆಂದು ನೋಡುವವರಿಗೆ ತಿಳಿಯದ ಹಾಗೆಯೂ ನಿಲ್ಲಿಸುವುದು. ಈಗ ಹೊರಗುತ್ತಿಗೆಯಲ್ಲಿ ಈ ಕೆಲಸಕ್ಕೆ ಸೇರುವವರು ಫೋನಿನಲ್ಲಿ ವಿಡಿಯೊ ನೋಡಿ ಕಲಿಯುತ್ತಾರೆ. ಒಳ್ಳೆಯದೇ. ಆದರೆ ಆ ವಿಡಿಯೊಗಳಲ್ಲಿ ಆಷಾಢದ ಗಾಳಿ ಬೀಸುವುದಿಲ್ಲ, ಸಾಹೇಬರೂ ಬರುವುದಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಈರಕ್ಕ. ಕನ್ನಡ ಗಡಿಗೆ ಅಂಟಿದ ಸೆಟ್ಟೂರು ಕಡೆಯ ಹಳ್ಳಿಯವಳು, ಕನ್ನಡ ಶಾಲೆಯಲ್ಲಿ ಓದಿದವಳು. ಕಲ್ಯಾಣದುರ್ಗದಲ್ಲಿ ಒಂದು ಅತಿಥಿಗೃಹ, ಅದರ ಮುಂದೆ ಒಂದು ತೋಟ, ತೋಟಕ್ಕೆ ಓಬುಳಪ್ಪ ಎಂಬ ಹಿರಿಯ ಮಾಲಿ. ನಾನು ಅವರ ಕೈಕೆಳಗೆ ಸೇರಿದೆ. ಓಬುಳಣ್ಣನಿಗೆ ಓದು ಬರಹ ಇಲ್ಲ, ತಾಳ್ಮೆಯೂ ಇಲ್ಲ. ಮೊದಲ ದಿನವೇ ಒಂದು ಬಾಗಿದ ಗುಲಾಬಿ ತೋರಿಸಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಕೈಗೆ ಕೊಟ್ಟರು.

"ಕೋಲಿಗೂ ಕಾಂಡಕ್ಕೂ ನಡುವೆ ಎಂಟರ ಹಂಗೆ ಸುತ್ತಿ ಕಟ್ಟಮ್ಮ."

ನಾನು ಶಾಲೆಯಲ್ಲಿ ಕಲಿತ ಎಂಟನ್ನು ನೆನಪಿಸಿಕೊಂಡು ಹಾಗೇ ಸುತ್ತಿದೆ. ಕನ್ನಡದ ೮ಕ್ಕೆ ಎಲ್ಲಿಯೂ ಗಂಟು ಬೀಳುವುದಿಲ್ಲ. ಪಟ್ಟಿ ಜಾರಿತು, ಗಿಡ ನೆಲಕ್ಕೆ ಬಂತು.

"ಏನಮ್ಮಾ ಇದು?" ಎಂದರು.

"ಎಂಟು ಅಣ್ಣ."

"ಯಾವೂರ ಎಂಟು? ಗಡಿಯಾರದಾಗಿರೋ ಎಂಟು ಕಣಮ್ಮ!"

ಗಡಿಯಾರದ ಎಂಟು ಎಂದರೆ ನಡುವೆ ಅಡ್ಡ ಹಾಯುವ ಎಂಟು. ಒಂದು ಸುತ್ತಿನಲ್ಲಿ ಕೋಲು, ಇನ್ನೊಂದು ಸುತ್ತಿನಲ್ಲಿ ಕಾಂಡ, ನಡುವೆ ಪಟ್ಟಿಯೇ ಮೆತ್ತೆ. ಕಾಂಡ ಕೋಲಿಗೆ ಉಜ್ಜುವುದಿಲ್ಲ. ಹೊಸಬರು ಇಷ್ಟನ್ನಾದರೂ ನೆನಪಿಟ್ಟುಕೊಳ್ಳಿ. ಈಗಿನ ಪ್ಲಾಸ್ಟಿಕ್ ಟ್ಯಾಗನ್ನು ಸರ್ರನೆ ಎಳೆದು ಬಿಗಿಯುವುದು ಸುಲಭ. ಕಾಂಡ ದಪ್ಪವಾದಂತೆ ಅದು ತೊಗಟೆಯೊಳಗೆ ಇಳಿದು ಗಿಡದ ಕತ್ತು ಹಿಸುಕುತ್ತದೆ.

ಆ ತೋಟದಲ್ಲಿ ಆಗ ಇದ್ದದ್ದು ನಾಡಗುಲಾಬಿ. ಮಂಡಿಯೆತ್ತರ ಬೆಳೆದು, ಅಂಗೈಯಗಲ ಹೂ ಬಿಟ್ಟು, ಯಾರಿಗೂ ತೊಂದರೆ ಕೊಡದೆ ಇತ್ತು. ಅಷ್ಟರಲ್ಲಿ ಹೊಸ ಅಸಿಸ್ಟೆಂಟ್ ಇಂಜಿನಿಯರ್ ಬಂದರು. ಎಲ್ಲರೂ ಅವರನ್ನು ಎಇ ಸಾರ್ ಎನ್ನುತ್ತಿದ್ದರು. ಮಾತು ಅರ್ಧ ತೆಲುಗು, ವಯಸ್ಸು ಚಿಕ್ಕದು, ಮನಸ್ಸು ಒಳ್ಳೆಯದು, ಗೆರೆ ನೇರವಾಗಿಲ್ಲದಿದ್ದರೆ ಊಟ ಸೇರದ ಸ್ವಭಾವ. ಅವರು ಎಲ್ಲಿಂದಲೋ ಒಂದು ಸಾಲಿಗಾಗುವಷ್ಟು ಹೊಸ ಬಗೆಯ ಗುಲಾಬಿ ತರಿಸಿದರು. ಎದೆಯೆತ್ತರದ ಒಂಟಿ ಕಾಂಡ, ಅದರ ತುದಿಗೆ ದೊಡ್ಡ ಹೂವಿನ ಗುಲಾಬಿಯ ಕಸಿ. ಕೆಳಗೆ ಎಲೆಯಿಲ್ಲ, ಕೊಂಬೆಯಿಲ್ಲ, ಭಾರವೆಲ್ಲ ತಲೆಯ ಮೇಲೆ. ಅವರು ಅದಕ್ಕೊಂದು ಇಂಗ್ಲಿಷ್ ಹೆಸರು ಹೇಳಿದರು. ನಾವು ಮರಗುಲಾಬಿ ಎಂದುಕೊಂಡೆವು.

ಓಬುಳಣ್ಣ ಗಿಡಗಳ ಸುತ್ತ ಒಂದು ಸುತ್ತು ಹಾಕಿದರು.

"ಇದೇನ್ ಸಾರ್, ಪೊರಕೆ ಕಡ್ಡಿ ತುದೀಗೆ ಹೂಕೋಸು ಸಿಗಿಸ್ದಂಗೈತೆ? ಈ ಊರ ಗಾಳೀಗೆ ಗುಡ್ಡದ ಮ್ಯಾಲಿನ ಕರೆಂಟ್ ಫ್ಯಾನುಗಳಿಗೇ ತಲೆ ತಿರುಗ್ತದೆ. ಇದು ನಿಲ್ತದಾ?"

"ಅದಾಗೇ ನಿಲ್ಲಲ್ಲ ಓಬುಳಪ್ಪ, ಮನಮೇ ನಿಲಬೆಟ್ಟಾಲಿ. ನಾವೇ ನಿಲ್ಲಿಸ್ಬೇಕು" ಎಂದು ಎಇ ಸಾರ್ ನಕ್ಕರು.

ನಿಲ್ಲಿಸುವ ಕೆಲಸ ಶುರುವಾಯಿತು. ಜಾಲಿ ಕೋಲು ಸೊಟ್ಟಗಿರುತ್ತದೆಂದು ಅವರು ಒಪ್ಪಲಿಲ್ಲ. ಕಟ್ಟಡ ಕಟ್ಟಿ ಉಳಿದಿದ್ದ ಕಬ್ಬಿಣದ ಸರಳುಗಳನ್ನು ಒಂದೇ ಎತ್ತರಕ್ಕೆ ಕತ್ತರಿಸಿ, ಪ್ರತಿ ಗಿಡಕ್ಕೂ ಒಂದೊಂದು ಹೂಳಿಸಿದರು. ಸರಳು ಕಾಣಬಾರದೆಂದು ಹಸಿರು ಬಣ್ಣ ಬಳಿಸಿದರು. ಕಲ್ಯಾಣದುರ್ಗದ ಬೇಸಿಗೆಯಲ್ಲಿ ಎಲೆಗಳೇ ಅಷ್ಟು ಹಸಿರಾಗಿರುವುದಿಲ್ಲ. ಗೇಟಿನಿಂದ ನೋಡಿದರೆ ಗಿಡ ಕಾಣುತ್ತಿರಲಿಲ್ಲ, ಸರಳೇ ಕಾಣುತ್ತಿತ್ತು. ಆಮೇಲೆ ಅವರು ಗಾರೆ ಕೆಲಸದವರ ತೂಗುಗುಂಡು ತರಿಸಿ, ದಾರ ಇಳಿಬಿಟ್ಟು, ಒಂದೊಂದೇ ಗಿಡ ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ಪರೀಕ್ಷಿಸಿದರು. ಗೋಡೆಗೆ ಗುಂಡು ಹಿಡಿಯುವುದನ್ನು ಕಂಡಿದ್ದೆ. ಗುಲಾಬಿಗೆ ಹಿಡಿಯುವುದನ್ನು ಕಂಡದ್ದು ಅದೇ ಮೊದಲು.

ಮಧ್ಯಾಹ್ನದ ಬಿಸಿಲಿಗೆ ಸರಳು ದೋಸೆ ಹಂಚಿನಂತೆ ಕಾಯುತ್ತಿತ್ತು. ತಾಗಿದ ಎಲೆಯೆಲ್ಲ ಸುಟ್ಟು ಕರಕಲಾಯಿತು. ಎಇ ಸಾರ್ ಹಟಮಾರಿಯಲ್ಲ. ಒಂದು ಬೆಳಿಗ್ಗೆ ಬಂದು ನೋಡಿ, "ತಪ್ಪಾಯ್ತು, ಕಿತ್ತಾಕಿ" ಎಂದರು. ಅಂಥ ಮಾತನ್ನು ನಾನು ಮತ್ತೆ ಯಾವ ಮೇಲಧಿಕಾರಿಯ ಬಾಯಲ್ಲೂ ಕೇಳಲಿಲ್ಲ. ಸರಳು ತೆಗೆದು ಬಿದಿರಿನ ಕೋಲು ಕೊಟ್ಟೆವು. ಆದರೆ ಅಂದಕ್ಕಾಗಿ ಕೋಲು ಕಸಿಯ ಗಂಟಿಗಿಂತ ಕೆಳಗೇ ನಿಲ್ಲಬೇಕೆಂದು ಅವರು ಹೇಳಿದರು. ತಲೆಯೊಳಗಿಂದ ಬಿದಿರು ಇಣುಕಿದರೆ ಚೆನ್ನಾಗಿರುವುದಿಲ್ಲವಂತೆ. ಓಬುಳಣ್ಣನೂ ಒಪ್ಪಿದರು, ನಾನೂ ಒಪ್ಪಿದೆ. ಚೆನ್ನಾಗಿಯೇ ಕಾಣುತ್ತಿತ್ತು.

ಆಷಾಢದಲ್ಲಿ ಸುದ್ದಿ ಬಂತು, ಆಗ ಅಧಿಕಾರದಲ್ಲಿದ್ದ ಒಬ್ಬ ಲೀಡರು ನಮ್ಮಲ್ಲಿ ಊಟಕ್ಕೆ ಇಳಿಯುತ್ತಾರೆಂದು. ಗೋಡೆಗೆ ಸುಣ್ಣ, ದಾರಿಗೆ ಮಣ್ಣು, ಗುಲಾಬಿಗೆ ದಿನಕ್ಕೆರಡು ಸಲ ನೀರು. ಮರಗುಲಾಬಿಗಳೂ ಸಮಯಸಾಧಕರ ಹಾಗೆ ಎಲ್ಲವೂ ಒಟ್ಟಿಗೇ ಅರಳಿದವು. ಒಂದೊಂದು ತಲೆಯೂ ನೀರಿನ ಕೊಡದಷ್ಟು ದೊಡ್ಡದು.

ಅವರು ಬರುವ ಹಿಂದಿನ ಮಧ್ಯಾಹ್ನ ಗಾಳಿ ಎದ್ದಿತು. ಪಕ್ಕದ ಬ್ರಹ್ಮಸಮುದ್ರ ಊರಿನ ಕಡೆಯಿಂದ ಕೆಂಪು ಧೂಳು ಗೋಡೆಯ ಹಾಗೆ ಬಂತು. ನಾವು ವರಾಂಡದಲ್ಲಿ ಸೆರಗು ಟವೆಲು ಮುಖಕ್ಕೆ ಒತ್ತಿ ನಿಂತೆವು. ಧೂಳಿನೊಳಗಿನಿಂದ ಕೇಳಿಸಿತು, ಟಕ್, ಟಕ್ ಎಂದು. ಧೂಳು ಇಳಿದಾಗ ಕೋಲುಗಳು ನೆಟ್ಟಗಿದ್ದವು, ಕಾಂಡಗಳೂ ನೆಟ್ಟಗಿದ್ದವು. ತಲೆಗಳು ಮಾತ್ರ ಕಸಿಯ ಗಂಟಿನಲ್ಲಿ ಮುರಿದು ನೆಲದಲ್ಲಿದ್ದವು. ಕೋಲು ಎಲ್ಲಿ ಮುಗಿದಿತ್ತೋ ಅಲ್ಲಿಯೇ ಮುರಿದಿದ್ದವು. ಒಂದು ಗಿಡದ ತಲೆ ಮಾತ್ರ ಪೂರ್ತಿ ಬೀಳದೆ, ಒಂದು ಪಕ್ಕದ ತೊಗಟೆ ಹಿಡಿದುಕೊಂಡು ಜೋತಾಡುತ್ತಿತ್ತು.

ಎಇ ಸಾರ್ ಮೆಟ್ಟಿಲ ಮೇಲೆ ಕುಸಿದು ಕುಳಿತರು. "ನಾಳೆ ಏಮ್ ಚೆಪ್ಪೇದಿ? ಏನ್ ಹೇಳ್ಲಿ ನಾನು?"

ಓಬುಳಣ್ಣ ಹೇಳಿದರು: "ಹೇಳೋದೇನೈತೆ ಸಾರ್? ತಲೆಗಳು ಇನ್ನೂ ಹಸಿಯಾಗವೆ. ಕೋಲು ಉದ್ದ ಮಾಡಿ, ಇದ್ದ ಜಾಗಕ್ಕೇ ಕಟ್ಟಿಬುಡಾನ. ಲೀಡರ್ರು ಊಟಕ್ಕೆ ಬತ್ತಾರೆ, ಕಸಿ ನೋಡೋಕಲ್ಲ."

ಕತ್ತಲಾಗುವ ಮುಂಚೆ ಎಲ್ಲ ತಲೆಗಳನ್ನೂ ಎತ್ತಿ ಕಟ್ಟಿದೆವು. ಜೋತಾಡುತ್ತಿದ್ದ ಗಿಡ ನನ್ನ ಪಾಲಿಗೆ ಬಂತು. ಅದನ್ನು ಸುಮ್ಮನೆ ಕೋಲಿಗೆ ಕಟ್ಟಿಬಿಡಲು ಮನಸ್ಸು ಬರಲಿಲ್ಲ, ಅದಿನ್ನೂ ಜೀವದ ಗಿಡವಲ್ಲವೇ. ಸೀಳಿದ ಬಾಯನ್ನು ಸರಿಯಾಗಿ ಕೂಡಿಸಿ, ಎರಡೂ ಪಕ್ಕ ಬಿದಿರಿನ ದಬ್ಬೆ ಇಟ್ಟು, ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಮೇಲೆ ಸಗಣಿ ಬೆರೆಸಿದ ಕೆಮ್ಮಣ್ಣು ಮೆತ್ತಿದೆ. ಕೈ ಮುರಿದವರಿಗೆ ಕಟ್ಟುವ ಕಟ್ಟಿನ ಹಾಗಿತ್ತು. ಅದು ಸಾಲಿನ ಕೊನೆಯ ಗಿಡ, ಯಾರೂ ನೋಡುವುದಿಲ್ಲವೆಂದು ಸಮಾಧಾನ ಮಾಡಿಕೊಂಡೆವು.

ಲೀಡರು ಬರಬೇಕಾದ ಹೊತ್ತಿಗೆ ಬಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಲೀಡರುಗಳು ಹಾಗೆ ಬರುವುದಿಲ್ಲ. ಬಿಸಿಲು ನೆತ್ತಿಗೇರಿತು. ಕಟ್ಟಿದ್ದ ತಲೆಗಳು ಒಂದೊಂದಾಗಿ ಸೊರಗಿ, ಕೋಲನ್ನು ಅಪ್ಪಿಕೊಂಡು ತೂಕಡಿಸತೊಡಗಿದವು. ಕಾರುಗಳ ಸಾಲು ಗೇಟಿನೊಳಗೆ ಬರುವಾಗ ಸಾಲಿನಲ್ಲಿ ಜೀವಕಳೆ ಇದ್ದದ್ದು ಒಂದೇ ಗಿಡಕ್ಕೆ, ಕೊನೆಯದಕ್ಕೆ. ತೊಗಟೆಯ ಆ ಚೂರು ಅದಕ್ಕೆ ನೀರು ಒದಗಿಸುತ್ತಿತ್ತು. ದಬ್ಬೆಯ ಕಟ್ಟಿನಿಂದ ಅದು ಪೊಲೀಸಿನವರ ಹಾಗೆ ಸೆಟೆದು ನಿಂತಿತ್ತು.

ಲೀಡರು ನೇರ ಅದರ ಹತ್ತಿರವೇ ಹೋದರು.

"ಎಲ್ಲಾ ತಲೆ ತಗ್ಗಿಸವೆ, ಇದೊಂದು ನೋಡ್ರಪ್ಪ! ಎಂಥಾ ಗಿಡ!" ಎಂದು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಆಮೇಲೆ ಎಇ ಸಾರ್ ಕಡೆ ತಿರುಗಿ, "ನಮ್ಮಮ್ಮಂಗೆ ರೋಜಾ ಅಂದ್ರೆ ಪ್ರಾಣ. ಇದನ್ನ ಹಿಂದೂಪುರಕ್ಕೆ ಮನೆಗೆ ಕಳ್ಸಿ" ಎಂದರು.

ಎಇ ಸಾರ್ ಬಾಯಿ ತೆರೆದರು. "ಸಾರ್, ಅದು..." ಎಂದರು. ಸುತ್ತ ಇದ್ದವರ ಮುಖ ನೋಡಿದರು. "...ತುಂಬಾ ಒಳ್ಳೇ ಆಯ್ಕೆ ಸಾರ್" ಎಂದು ಮುಗಿಸಿದರು.

"ಇದನ್ನ ನೋಡ್ಕಣೋರು ಯಾರು? ಅವ್ರನ್ನೂ ಜೊತೆಗೆ ಕಳ್ಸಿ."

ನಾನು ಓಬುಳಣ್ಣನನ್ನು ನೋಡಿದೆ. ಓಬುಳಣ್ಣ ನನ್ನನ್ನು ತೋರಿಸಿದರು.

ಮನೆಗೆ ಹೋಗಿ ಯಜಮಾನರಿಗೆ ಹೇಳಿದೆ. ಅವರು ಬೋರ್‌ವೆಲ್ ಮೋಟಾರು ರಿಪೇರಿಯವರು, ಮಾತು ಕಡಿಮೆ. "ಗಿಡಕ್ಕೆ ಟ್ರಾನ್ಸ್‌ಫರ್ ಆಯ್ತು, ನಿಂಗೂ ಆಯ್ತು. ನಂಗೆ ಆರ್ಡರ್ ಯಾವಾಗ ಬತ್ತದೆ?" ಎಂದರು. ಹಿಂದೂಪುರದಲ್ಲೂ ಮೋಟಾರುಗಳು ಸುಡುತ್ತವೆ ಎಂದೆ. ಒಪ್ಪಿಕೊಂಡರು.

ಬುಡದ ಮಣ್ಣನ್ನು ಗೋಣಿತಾಟಿನಲ್ಲಿ ಕಟ್ಟಿ, ಗಿಡವನ್ನು ಲಗೇಜ್ ಆಟೋದಲ್ಲಿ ನಿಲ್ಲಿಸಿ, ಮಡಕಶಿರಾ ದಾರಿಯಲ್ಲಿ ಹೊರಟೆವು. ಹಳ್ಳ ಬಂದಾಗಲೆಲ್ಲ ನಾನು ಎರಡೂ ಕೈಯಲ್ಲಿ ಗುಲಾಬಿಯ ಕತ್ತು ಹಿಡಿದುಕೊಳ್ಳುತ್ತಿದ್ದೆ. ನೋಡಿದವರಿಗೆ ಕುಡಿದ ಗಂಡನನ್ನು ಮನೆಗೆ ಕರೆದೊಯ್ಯುವ ಹೆಂಗಸಿನ ಹಾಗೆ ಕಂಡಿರಬೇಕು. ಗಿಡ ಅಲ್ಲಿ ಹೋಗಿ ಸತ್ತರೆ, ಮುರಿದದ್ದನ್ನು ಕಳಿಸಿದರೆಂದು ಎಇ ಸಾರ್ ಕೆಲಸವೂ ನನ್ನ ಕೆಲಸವೂ ಒಟ್ಟಿಗೇ ಒಣಗುತ್ತಿದ್ದವು.

ಲೀಡರ ತಾಯಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಲೇಪಾಕ್ಷಿ ಪಕ್ಕದ ಹಳ್ಳಿಯಲ್ಲಿ ಹುಟ್ಟಿದವರು. ಮಗ ದೊಡ್ಡವನಾಗುವ ಮೊದಲು ಹೊಲ, ಹಸು, ಬಾವಿ ಎಲ್ಲವನ್ನೂ ಮಾಡಿದವರು. ಈಗ ಅವರಿಗೆ ಅಂಗಳವೊಂದೇ ಉಳಿದಿತ್ತು. ಗಿಡ ಇಳಿಸುತ್ತಲೇ ಕೋಲೂರಿಕೊಂಡು ಬಂದು ನೋಡಿದರು.

"ಇದೇನೇ, ಕತ್ತಿಗೆ ಸಗಣಿ ಮೆತ್ತಿದೀರಾ?"

"ಅದು ಔಷಧಿ ಅಮ್ಮಾರೆ" ಎಂದೆ.

"ಏನ್ ರೋಗ?"

ಗುಂಡಿ ಎಲ್ಲಿ ತೋಡಲಿ ಎಂದು ಕೇಳಿದೆ.

ಅವರ ಮನೆಗೆ ಬೆಳಗಾದರೆ ಜನ. ಅರ್ಜಿ ಹಿಡಿದವರು, ಹಾರ ಹಿಡಿದವರು, ಬರಿಗೈಲಿ ಕೈಮುಗಿದವರು. ಎಲ್ಲರೂ ಒಳಗೆ ಕರೆಯುವವರೆಗೆ ಗುಲಾಬಿ ನೋಡುತ್ತ ನಿಲ್ಲುತ್ತಿದ್ದರು. ಒಬ್ಬ ಡಾಕ್ಟರು, "ಫ್ರ್ಯಾಕ್ಚರ್ ಯಾವಾಗ ಆಯ್ತಮ್ಮ? ಕಟ್ಟು ಎಂದು ಬಿಚ್ಚುತ್ತೀರಿ?" ಎಂದು ಕೇಳಿ ಎಲ್ಲರನ್ನೂ ನಗಿಸಿದರು. ನಾನೂ ನಕ್ಕೆ. ದೊಡ್ಡಮ್ಮ ನಗಲಿಲ್ಲ. ಜನರ ಎದುರಿಗೆ ಅಂದಗೆಟ್ಟ ವಸ್ತು ನಿಂತಿರುವುದು ಅವರಿಗೆ ಸೇರುತ್ತಿರಲಿಲ್ಲ. ಕಟ್ಟು ಮುಚ್ಚಲು ಹಳೆಯ ಸೀರೆಯ ಜರಿಯಂಚು ಸುತ್ತಿಸಿದರು. ಮೂರು ದಿನ ಅದು ಮದುಮಗನ ಹಾಗೆ ನಿಂತಿತ್ತು. ಮಳೆ ಬಂದು ಬಣ್ಣ ಇಳಿಯಿತು. ಆಮೇಲೆ ಬಿಚ್ಚಿಬಿಡು ಎಂದರು. ಇನ್ನೂ ಸ್ವಲ್ಪ ದಿನ ಎಂದೆ. ಹೀಗೆ ನಾನು ದಸರಾವರೆಗೂ ಎಳೆದೆ.

ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ಕುರ್ಚಿ ಹಾಕಿಸಿಕೊಂಡು ಗಿಡದ ಮುಂದೆಯೇ ಕುಳಿತರು. "ಇವತ್ತು ನೀನು ಬಿಚ್ತೀಯೋ, ನಾನು ಬಿಚ್ಲೋ?"

ಮಣ್ಣು ಕೆರೆದೆ. ಪಟ್ಟಿ ಬಿಚ್ಚಿದೆ. ದಬ್ಬೆ ತೆಗೆದೆ. ತಲೆ ಬೀಳಲಿಲ್ಲ. ಸೀಳಿದ್ದ ಜಾಗದಲ್ಲಿ ಬೆರಳ ಗೆಣ್ಣಿನ ಹಾಗೆ ಒಂದು ಗಂಟು ಕಟ್ಟಿತ್ತು. ಅದರ ಮೇಲಿಂದ ಎಳೆ ಕೆಂಪು ಚಿಗುರು ಎದ್ದಿತ್ತು. ನನಗೆ ಅಳು ಬಂದುಬಿಟ್ಟಿತು. ಅದನ್ನು ಜಾಣ್ಮೆಯಿಂದ ಉಳಿಸಿದೆ ಎಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ಅದೇ ಕಟ್ಟನ್ನು ಆಮೇಲೆ ಬೇರೆ ಗಿಡಗಳಿಗೂ ಕಟ್ಟಿದ್ದೇನೆ. ಬದುಕಿದ್ದಕ್ಕಿಂತ ಸತ್ತದ್ದೇ ಹೆಚ್ಚು.

ದೊಡ್ಡಮ್ಮ ಬಗ್ಗಿ ಗಂಟನ್ನು ಸವರಿದರು. "ಅಂದ್ರೆ, ಮುರಿದೋಗಿದ್ ಗಿಡಾನ ನನ್ ಮಗನಿಗೆ ಕಳಿಸ್ಬುಟ್ರಾ?"

ಇನ್ನು ಮುಚ್ಚಿಡುವುದೇನಿತ್ತು? ಗಾಳಿ ಬಂದದ್ದು, ತಲೆಗಳನ್ನು ಕಟ್ಟಿದ್ದು, ಎಇ ಸಾರ್ ಬಾಯಿ ತೆರೆದು ಮುಚ್ಚಿದ್ದು, ಎಲ್ಲ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು ಹೇಳಿದರು: "ನನ್ ಮಗನಿಗೆ ಮಾತ್ರ ಹೇಳ್ಬೇಡ ಕಣೆ. ಎಲ್ರಿಗೂ ಹೇಳ್ಕಂಡು ತಿರುಗ್ತಾವ್ನೆ, ಸಾಲ್ನಾಗೆ ಗಟ್ಟಿ ಗಿಡ ಯಾವ್ದು ಅಂತ ನೋಡ್ದೇಟ್ಗೇ ಹೇಳ್ಬುಟ್ಟೆ ಅಂತ."

ಅಂದಿನಿಂದ ನಾವಿಬ್ಬರೂ ಸ್ನೇಹಿತರು. ಸ್ನೇಹಿತರಾದ್ದರಿಂದ ದಿನವೂ ಜಗಳ. ಕಟ್ಟು ಬಿಚ್ಚಿದ ಮೇಲೆ ನಾನು ಉದ್ದನೆಯ ಕೋಲು ಕೊಟ್ಟು, ತಲೆಯನ್ನು ನಾಲ್ಕು ಕಡೆ ಬಿಗಿದು, ನೆಟ್ಟಗೆ ನಿಲ್ಲಿಸಿದೆ. ಕಲ್ಯಾಣದುರ್ಗದ ತೂಗುಗುಂಡು ನನ್ನ ಕಣ್ಣಿಂದ ಇನ್ನೂ ಹೋಗಿರಲಿಲ್ಲ. ದೊಡ್ಡಮ್ಮ ನೋಡಿ ಮುಖ ಗಂಟಿಕ್ಕಿದರು.

"ಇದೇನು ರೋಜಾನಾ, ಲೈಟ್ ಕಂಬಾನಾ?"

"ಬಗ್ಗಿದ್ರೆ ಮುರೀತದೆ ಅಮ್ಮಾರೆ."

"ನೀನು ಯಾವತ್ತಾದ್ರೂ ನೀರಿನ ಕೊಡ ಹೊತ್ತಿದ್ದೀಯಾ?"

"ಹೊತ್ತಿದ್ದೀನಿ."

"ಕತ್ತು ಬಿಗಿ ಹಿಡಿದು ನಡೆದ್ರೆ ಕೊಡ ನಿಲ್ತದಾ? ಕತ್ತು ಆಡ್ತಿರಬೇಕು, ಕೆಳಗೆ ಸಿಂಬೆ ಗಟ್ಟಿಗಿರಬೇಕು. ಇದಕ್ಕೂ ಒಂದು ಸಿಂಬೆ ಮಾಡು."

ಸಿಂಬೆ ಎಂದರೆ ಕೊಡದ ಕೆಳಗೆ ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಬಳೆ. ನನಗೆ ನಗು ಬಂತು. ತೋಟಗಾರಿಕೆ ನನ್ನ ಕಸುಬು, ಇವರದ್ದು ಕೊಡ ಹೊತ್ತ ಕಾಲದ ನೆನಪು. ಆದರೂ ಮನೆಯ ಯಜಮಾನಿ ಹೇಳಿದ ಮೇಲೆ ಮಾಡಲೇಬೇಕಲ್ಲ. ಹಳ್ಳದ ದಂಡೆಯಿಂದ ಲಕ್ಕಿ ಗಿಡದ ಎಳೆ ಕಡ್ಡಿಗಳನ್ನು ತಂದು, ಹಸಿಯಿದ್ದಾಗಲೇ ಹೆಣೆದು, ಮೊರದಗಲದ ಒಂದು ಬಳೆ ಮಾಡಿದೆ. ಕಾಂಡದ ಸುತ್ತ ಮೂರು ಕೋಲುಗಳನ್ನು ಮೇಲಕ್ಕೆ ಹೋದಂತೆ ಹೊರಕ್ಕೆ ಅಗಲವಾಗುವ ಹಾಗೆ ನೆಟ್ಟು, ತಲೆಯ ಕೆಳಗೆ ಆ ಬಳೆಯನ್ನು ಕೂರಿಸಿದೆ. ಮೊದಲೇ ಇದ್ದ ನಡುವಿನ ಉದ್ದ ಕೋಲು ಕಸಿಯ ಗಂಟು ದಾಟಿ ತಲೆಯೊಳಕ್ಕೆ ಹೋಗಿ ಎಲೆಯ ಮರೆಯಲ್ಲಿ ಅಡಗಿತು. ನಾಲ್ಕು ಕಟ್ಟುಗಳಲ್ಲಿ ಎರಡನ್ನು ಬಿಚ್ಚಿದೆ.

ಹೂವಿನ ಕೊಂಬೆಗಳು ಒಂದೊಂದಾಗಿ ಬಳೆಯ ಮೇಲೆ ಒರಗಿ, ತಲೆಯನ್ನು ಹೊರಗೆ ಚಾಚಿದವು. ಮಳೆ ಬಂದು ಹೂಗಳು ನೀರು ಕುಡಿದು ಭಾರವಾದಾಗ ಇನ್ನಷ್ಟು ಬಾಗಿದವು, ಬೀಳಲಿಲ್ಲ. ಗಾಳಿಗೆ ತಲೆ ಆಡಿತು, ಗಂಟು ಅಲುಗಲಿಲ್ಲ. ಅಷ್ಟು ವರ್ಷ ನಾನು ಗುಲಾಬಿಯನ್ನು ನಿಲ್ಲಿಸುವುದೆಂದರೆ ನೆಟ್ಟಗೆ ನಿಲ್ಲಿಸುವುದು ಎಂದುಕೊಂಡಿದ್ದೆ.

"ಬಗ್ಗಿದ್ರೆ ಬಗ್ಲಿ ಬುಡು, ಬೀಳಬಾರ್ದು ಅಷ್ಟೇಯ" ಎಂದು ದೊಡ್ಡಮ್ಮ ಕುರ್ಚಿಯಿಂದ ಎದ್ದು ಒಳಗೆ ಹೋದರು. ಗೆದ್ದವರು ಹೆಚ್ಚು ಹೊತ್ತು ನಿಲ್ಲಬಾರದೆಂದು ಅವರಿಗೆ ತಿಳಿದಿತ್ತು.

ಆ ಸಿಂಬೆ ಹಿಂದೂಪುರದಲ್ಲಿ ಜ್ವರದ ಹಾಗೆ ಹಬ್ಬಿತು. ಲೀಡರ ಮನೆಯ ಅಂಗಳದಲ್ಲಿ ಇದ್ದದ್ದು ತಮ್ಮ ಅಂಗಳದಲ್ಲೂ ಇರಬೇಕೆಂದು ಸಾಹೇಬರುಗಳಿಗೆ ಅನ್ನಿಸಿತು. ನನ್ನನ್ನು ಮನೆಮನೆಗೆ ಕರೆದರು. ಒಬ್ಬರ ಮನೆಯಲ್ಲಿ ಗುಲಾಬಿಯೇ ಇರಲಿಲ್ಲ, ಬದನೆಗಿಡಕ್ಕೆ ಮಾಡಿಸಿಕೊಂಡರು. ಬದನೆಕಾಯಿ ಚೆನ್ನಾಗಿಯೇ ಬಂತು.

ಆಮೇಲೆ ಚುನಾವಣೆ ಬಂತು. ಲೀಡರು ಸೋತರು.

ಎಣಿಕೆಯ ಮರುದಿನ ಬೆಳಿಗ್ಗೆ ಅಂಗಳ ಗುಡಿಸಲು ಹೋದೆ. ಗುಡಿಸುವಂಥದ್ದೇನೂ ಬಿದ್ದಿರಲಿಲ್ಲ. ಗೇಟಿನ ಹತ್ತಿರ ಚಪ್ಪಲಿಗಳಿಲ್ಲ. ಗುಲಾಬಿ ಒಂದೇ ಬರುವವರಿಗಾಗಿ ಕಾಯುವಂತೆ ತಲೆ ಚಾಚಿ ನಿಂತಿತ್ತು. ದೊಡ್ಡಮ್ಮ ಜಗಲಿಯಲ್ಲಿ ಕುಳಿತು, "ಇವತ್ತು ಗಾಳಿ ಚೆನ್ನಾಗಿ ಬತ್ತೈತೆ ಕಣೆ, ಅಡ್ಡ ನಿಲ್ಲೋರು ಯಾರೂ ಇಲ್ವಲ್ಲ" ಎಂದರು.

ಅದಾದ ಕೆಲವೇ ದಿನಕ್ಕೆ ನನಗೆ ನಮ್ಮ ಇಲಾಖೆಯ ಹಿಂದೂಪುರದ ಕಚೇರಿಯಿಂದ ಕರೆ ಬಂತು. ಹೊಸದಾಗಿ ಬಂದ ಇಂಜಿನಿಯರ್ ಮೇಡಂ ನನ್ನನ್ನು ಎದುರಿಗೆ ನಿಲ್ಲಿಸಿ ಕೇಳಿದರು: "ನಿಮ್ಮ ಕೆಲಸ ಕಲ್ಯಾಣದುರ್ಗದಲ್ಲಿ. ಇಷ್ಟು ಕಾಲ ನೀವು ಅಲ್ಲಿಲ್ಲ. ಎಲ್ಲಿದ್ರಿ?"

ಊರಿಗೆಲ್ಲ ಗೊತ್ತಿದ್ದ ವಿಷಯ. ಆದರೆ ನನ್ನನ್ನು ಕಳಿಸಿದ್ದು ಬಾಯಿಮಾತಿನಲ್ಲಿ. ಎಇ ಸಾರ್ ಆಗಲೇ ಬೇರೆ ಊರಿಗೆ ವರ್ಗವಾಗಿದ್ದರು. ಫೋನ್ ಮಾಡಿದೆ. "ಯಾವ ರೋಜಾ?" ಎಂದರು. ಅವರಿಗೂ ಹೆಂಡತಿ ಮಕ್ಕಳಿದ್ದರು. ನಿವೃತ್ತರಾಗಿದ್ದ ಓಬುಳಣ್ಣನಿಗೆ ಫೋನ್ ಮಾಡಿದರೆ, "ನಾನು ಬತ್ತೀನಿ ಕಣಮ್ಮ, ಎಲ್ಲಾ ಹೇಳ್ತೀನಿ. ತಲೆ ಕಟ್ಟಿದ್ದನ್ನೂ ಹೇಳ್ತೀನಿ" ಎಂದರು. ಅದನ್ನು ಹೇಳುವುದಾದರೆ ಬರಲೇಬೇಡಿ ಎಂದು ಬೇಡಿಕೊಂಡೆ. ಹೇಳದೆ ಕೇಳದೆ ಕೆಲಸ ಬಿಟ್ಟು ಹೋದವಳೆಂದು ತೀರ್ಮಾನವಾದರೆ ಕೆಲಸ ಹೋಗುತ್ತಿತ್ತು, ಮುಂದಿನ ಪಿಂಚಣಿಯೂ ಹೋಗುತ್ತಿತ್ತು. ಯಜಮಾನರು ಆ ವಾರ ಯಾವ ತಮಾಷೆಯನ್ನೂ ಆಡಲಿಲ್ಲ.

ದೊಡ್ಡಮ್ಮನಿಗೆ ನಾನು ಹೇಳಿರಲಿಲ್ಲ. ಹೇಗೋ ತಿಳಿದುಕೊಂಡರು. ಮೇಡಂ ನನ್ನನ್ನು ಮತ್ತೆ ಕರೆದ ದಿನ ಕಚೇರಿ ಬಾಗಿಲಲ್ಲಿ ಒಂದು ಶೇರ್ ಆಟೋ ನಿಂತಿತು. ಅದರಿಂದ ಕೋಲೂರಿಕೊಂಡು ಅವರು ಇಳಿದರು.

"ಕಾರೆಲ್ಲಿ ಅಮ್ಮಾರೆ?" ಎಂದೆ ದಿಗಿಲಾಗಿ.

"ಕಾರು ಕೇಳಿದ್ರೆ ಎಲ್ಲಿಗೆ ಅಂತಾನೆ ಮಗ. ನಿನ್ನೆನೇ ಅಂದ, ಹೋಗ್ಬೇಡ, ನನ್ ಮರ್ಯಾದೆ ಹೋಯ್ತದೆ ಅಂತ."

ಒಳಗೆ ಒಬ್ಬ ಗುಮಾಸ್ತ. ಹಿಂದೆ ವಾರಕ್ಕೊಮ್ಮೆ ಹಣ್ಣಿನ ಬುಟ್ಟಿ ಹಿಡಿದು ಇವರ ಅಂಗಳದಲ್ಲಿ ನಿಲ್ಲುತ್ತಿದ್ದವನು. ಈಗ ತಲೆಯೆತ್ತದೆ, "ಕೂತ್ಕೊಳ್ಳಿ, ಮೇಡಂ ಬಿಜಿ" ಎಂದು ಬೆಂಚು ತೋರಿಸಿದ. ದೊಡ್ಡಮ್ಮ ಕುಳಿತರು. ಮಧ್ಯಾಹ್ನದವರೆಗೂ ಕುಳಿತರು. ಯಾರೂ ನೀರು ಬೇಕೇ ಎನ್ನಲಿಲ್ಲ. ನನಗೆ ಅವಮಾನವಾಗಿ, ಮನೆಗೆ ಹೋಗೋಣ ಎಂದು ಎರಡು ಸಲ ಹೇಳಿದೆ. "ನಮ್ಮನೆ ಮುಂದೆ ಎಷ್ಟು ಜನ ಹಿಂಗೆ ಕುಂತಿದ್ರು ಗೊತ್ತಾ? ಆಗ ನಾನೂ ಯಾರ್ಗೂ ನೀರು ಬೇಕಾ ಅನ್ಲಿಲ್ಲ. ಸುಮ್ಕಿರು" ಎಂದರು.

ಒಳಗೆ ಕರೆದಾಗ ಮೇಡಂ ಎದ್ದು ನಿಂತು ಕುರ್ಚಿ ಕೊಟ್ಟರು. ದೊಡ್ಡಮ್ಮ ಕುಳಿತುಕೊಳ್ಳಲಿಲ್ಲ. ನಾನು ನಿಂತಿದ್ದೆನಲ್ಲ, ನನ್ನ ಪಕ್ಕದಲ್ಲೇ ನಿಂತರು.

"ಇವಳು ತಾನಾಗೇ ಬರ್ಲಿಲ್ಲ ತಾಯಿ. ಗಿಡದ ಜೊತೆ ಕಳ್ಸಿ ಅಂತ ಕೇಳ್ದೋನು ನನ್ ಮಗ. ಅವನಿಗೆ ಕೇಳೋ ಹಕ್ಕು ಇರ್ಲಿಲ್ಲ, ಆದ್ರೂ ಕೇಳ್ದ. ನಿಮ್ಮೋರಿಗೆ ಇಲ್ಲ ಅನ್ನೋ ಹಕ್ಕಿತ್ತು, ಅನ್ಲಿಲ್ಲ. ನಡುವೆ ಇವಳಿಗೆ ಯಾವ ಹಕ್ಕಿತ್ತು ಅಂತ ಇವಳನ್ನ ಕೇಳ್ತಿದ್ದೀರಿ?"

ಬಾಗಿಲ ಬಳಿ ಗುಮಾಸ್ತರು ಗುಂಪಾಗಿ ನಿಂತು ಕೇಳುತ್ತಿದ್ದರು. ಸಂಜೆಯೊಳಗೆ ಊರಿಗೆಲ್ಲ ಹಬ್ಬುತ್ತದೆಂದು ದೊಡ್ಡಮ್ಮನಿಗೆ ಗೊತ್ತಿಲ್ಲದೆ ಇರಲಿಲ್ಲ. ಮಗನ ತಪ್ಪನ್ನು ಅವನ ಎದುರಾಳಿಗಳ ಕಾಲದಲ್ಲಿ, ಅವರ ಕಚೇರಿಯಲ್ಲಿ ನಿಂತು, ಗಟ್ಟಿಯಾಗಿ ಹೇಳಿದರು.

ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ನನ್ನ ಕಡೆ ನೋಡಿ, "ಅಲ್ಲಿ ಏನ್ ಕೆಲಸ ಮಾಡ್ತಿದ್ರಿ?" ಎಂದರು.

"ತೋಟದ ಕೆಲಸ ಮೇಡಂ. ಗುಲಾಬಿಗೆ ಕೋಲು ಕೊಡೋದು."

"ಇಲ್ಲಿಯ ಅತಿಥಿಗೃಹದಲ್ಲಿ ತೋಟ ಹಾಳುಬಿದ್ದಿದೆ. ನಾಳೆಯಿಂದ ಅಲ್ಲಿಗೆ ಬನ್ನಿ. ಹಿಂದಿನದನ್ನು ಬೇರೆ ಕಡೆ ಡ್ಯೂಟಿ, ಅನ್ಯ ಕರ್ತವ್ಯ ಅಂತ ಮಾಡ್ತೀನಿ."

ಅನ್ಯ ಕರ್ತವ್ಯ! ಸರ್ಕಾರದ ಭಾಷೆಯಲ್ಲಿ ಇಂಥ ಒಳ್ಳೊಳ್ಳೆಯ ಮಾತುಗಳಿವೆ. ನಮಗೆ ಬೇಕಾದಾಗ ಸಿಗುವುದು ಮಾತ್ರ ಕಷ್ಟ. ನಾನು ಆ ಅತಿಥಿಗೃಹದಲ್ಲೇ ಉಳಿದು, ಅಲ್ಲಿಂದಲೇ ನಿವೃತ್ತಳಾದೆ.

ಹೊರಗೆ ಬಿಸಿಲು ಸುಡುತ್ತಿತ್ತು. ಮೆಟ್ಟಿಲು ಇಳಿಯುವಾಗ ನಾನು ದೊಡ್ಡಮ್ಮನ ತೋಳು ಹಿಡಿಯಲು ಹೋದೆ. ಅವರು ಕೊಡವಿಕೊಂಡರು. ಮನೆಗೆ ಹೋದ ಮೇಲೆ ಮಗ ಏನೆನ್ನುತ್ತಾರೋ ಎಂದು ಕೇಳಬೇಕೆನ್ನಿಸಿತು. ಅವರೇ ಮಾತು ತೆಗೆದರು.

"ಆ ಹುಡುಗಿ ಒಳ್ಳೇಳು ಕಣೆ. ಆದ್ರೆ ಒಂದು ಲೋಟ ಟೀ ಕೊಡ್ಬಾರ್ದಾ?"

ಬಸ್‌ಸ್ಟ್ಯಾಂಡ್ ಎದುರಿನ ಬಂಡಿಯ ಹತ್ತಿರ ಕರೆದೊಯ್ದೆ. ಟೀ ಬಂಡಿಯವನು ಅವರನ್ನು ಗುರುತಿಸಿ, ಸ್ಟೂಲು ಒರೆಸಿ ಇಡಲು ಹೋದ. ಬೇಡವೆಂದರು. ಆಟೋ ಡ್ರೈವರುಗಳ ನಡುವೆ ನಿಂತುಕೊಂಡೇ, ಕಾಗದದ ಲೋಟವನ್ನು ಸೆರಗಿನ ತುದಿಯಲ್ಲಿ ಹಿಡಿದು, ಊದಿ ಊದಿ ಕುಡಿದರು. ಸಕ್ಕರೆ ಜಾಸ್ತಿ, ಹಾಲು ನೀರು, ಟೀ ಸೊಪ್ಪು ಹಳೇದು ಎಂದು ಅವನಿಗೆ ಚೆನ್ನಾಗಿ ಬೈದರು. ಆಮೇಲೆ ಖಾಲಿ ಲೋಟ ಮುಂದೆ ಚಾಚಿ, "ಇನ್ನೊಂದು ಹಾಕಪ್ಪ" ಎಂದರು.